ಗಾಬ್ಲಿನ್‌ಗಳಿಗೂ ಸ್ವಲ್ಪ ಬುದ್ಧಿ ಕೊಡಿ

ಪ್ರತಿ ಶನಿವಾರ ರಾತ್ರಿ ಮೆಸ್ಸಿನ ಊಟ ಮುಗಿಸಿ ನಾವು ಆರು ಜನ ಹಾಸ್ಟೆಲ್ ರೂಮಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಕೆ ಕೂರ್ತೀವಿ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಡಿಎಂ. ಕಥೆ ನಡೆಸೋದು, ಶತ್ರುಗಳನ್ನು ಆಡಿಸೋದು ಅವರ ಕೆಲಸ. ಉಳಿದವರದು ಒಂದೊಂದು ಪಾತ್ರ. ಏಟು ತಗುಲಿತೋ ಇಲ್ಲವೋ ಅನ್ನೋದನ್ನು 20 ಮುಖದ ದಾಳ ಹೇಳುತ್ತೆ. 1974ರಲ್ಲಿ ಶುರುವಾದ ಆಟ ಇದು. ನಾವು ಆಡೋದು 2014ರ ಐದನೇ ಆವೃತ್ತಿ. ಡಿಎಂ ಕೆಲಸವನ್ನು ಸರದಿ ಪ್ರಕಾರ ಹಂಚಿಕೊಳ್ತೀವಿ, ಹಾಗಾಗಿ ಮುಂದೆ ಹೇಳೋ ತಪ್ಪು ನಮ್ಮೆಲ್ಲರದೂ ಹೌದು.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪಾತ್ರಗಳು ಐದನೇ ಲೆವೆಲ್‌ಗೆ ಬಂದವು. ಅಲ್ಲಿಂದ ಗಾಬ್ಲಿನ್‌ಗಳ ಜೊತೆ ಯುದ್ಧ ಅಂದ್ರೆ ಬರೀ ಬೋರ್. ಅವು ಸಾಲಾಗಿ ಬರೋದು, ನಾವು ಕಡಿಯೋದು, ಅಷ್ಟೇ. ಡಿಎಂ ಆದವರು ಏನು ಮಾಡಿದ್ವಿ? ಪುಸ್ತಕದಲ್ಲಿ 7 ಇದ್ದ ಗಾಬ್ಲಿನ್‌ನ ಹಿಟ್ ಪಾಯಿಂಟನ್ನು ಯಾರಿಗೂ ಹೇಳದೆ 30 ಮಾಡಿದ್ವಿ. ನಮ್ಮಲ್ಲೊಬ್ಬ ಪ್ರತಿ ಏಟಿನ ಲೆಕ್ಕವನ್ನು ರಫ್ ನೋಟ್‌ಬುಕ್ಕಲ್ಲಿ ಬರೆದಿಡ್ತಾನೆ. ಹೋದ ವಾರ 9ರ ಏಟಿಗೆ ಸತ್ತ ಗಾಬ್ಲಿನ್ ಈ ವಾರ ಯಾಕೆ ಸಾಯಲಿಲ್ಲ ಅಂತ ಕೇಳಿದ. ಉತ್ತರ ಇರಲಿಲ್ಲ. "ನಂಬರ್ ನೀವೇ ಬದಲಾಯಿಸೋದಾದ್ರೆ ನಾನು ದಾಳ ಹಾಕೋದು ಯಾಕೆ?" ಅಂದು ಎದ್ದು ಹೋದವನು ಮೂರು ವಾರ ಬರಲಿಲ್ಲ.

ಅವನು ಕೇಳಿದ್ದು ಸರಿಯಾಗೇ ಇತ್ತು. ಆಮೇಲೆ ಕೂತು ಯೋಚಿಸಿದಾಗ ನಮಗೆ ಅನಿಸಿದ್ದು ಇದು: ಗಾಬ್ಲಿನ್ ದುರ್ಬಲ ಆಗಿರೋದು ಸಮಸ್ಯೆ ಅಲ್ಲ, ಅದನ್ನು ನಾವು ದಡ್ಡನ ಥರ ಆಡಿಸೋದು ಸಮಸ್ಯೆ.

ಲೆಕ್ಕ ನೋಡಿ. ನಮ್ಮ ಫೈಟರ್‌ನ ಆರ್ಮರ್ ಕ್ಲಾಸ್ 18, ಹಿಟ್ ಪಾಯಿಂಟ್ 44. ಗಾಬ್ಲಿನ್ ದಾಳಕ್ಕೆ 4 ಸೇರಿಸುತ್ತೆ, ಅಂದ್ರೆ 14 ಅಥವಾ ಹೆಚ್ಚು ಬಿದ್ರೆ ಏಟು. ಸಂಭವ 35 ಪರ್ಸೆಂಟ್. ಒಂದು ಬಾಣಕ್ಕೆ ಸರಾಸರಿ 5.5 ಡ್ಯಾಮೇಜ್. ಒಂದೇ ಗಾಬ್ಲಿನ್ ಆದ್ರೆ ರೌಂಡಿಗೆ 2 ಪಾಯಿಂಟ್ ಕೂಡ ಹೋಗಲ್ಲ. ಎಂಟು ಗಾಬ್ಲಿನ್ ಒಬ್ಬನ ಮೇಲೇ ಗುರಿ ಇಟ್ರೆ ರೌಂಡಿಗೆ ಸುಮಾರು 15. ಮೂರು ರೌಂಡಲ್ಲಿ ಫೈಟರ್ ನೆಲದ ಮೇಲೆ. ಒಂದು ನಂಬರನ್ನೂ ಬದಲಾಯಿಸಬೇಕಿಲ್ಲ.

"ಫೈರ್‌ಬಾಲ್ ಹಾಕಿದ್ರೆ ಎಲ್ಲಾ ಒಟ್ಟಿಗೆ ಹೋಗ್ತಾವೆ" ಅಂತೀರಿ. ಹೋಗ್ತಾವೆ, ಎಲ್ಲಾ ಒಂದೇ ಕಡೆ ನಿಂತಿದ್ರೆ! ಅದರ ತ್ರಿಜ್ಯ 20 ಅಡಿ. ಕಣಿವೆಯ ಎರಡೂ ಬದಿಯಲ್ಲಿ ಚದುರಿ ನಿಂತ ಗಾಬ್ಲಿನ್‌ಗಳಲ್ಲಿ ಎರಡೋ ಮೂರೋ ಸಿಗಬಹುದು. ಜೊತೆಗೆ ಬಾಣ ಬಿಟ್ಟ ಮೇಲೆ ಅದೇ ಸರದಿಯಲ್ಲಿ ಬಂಡೆಯ ಹಿಂದೆ ಅಡಗೋ ಶಕ್ತಿಯನ್ನು ಪುಸ್ತಕವೇ ಅವಕ್ಕೆ ಕೊಟ್ಟಿದೆ. ಕೋಬೋಲ್ಡ್‌ಗೆ ಬರೀ 5 ಹಿಟ್ ಪಾಯಿಂಟ್. ಆದ್ರೆ ಗುರಿಯ ಪಕ್ಕದಲ್ಲಿ ಅದರ ಜೊತೆಗಾರ ಇದ್ರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುತ್ತೆ. 50 ಪರ್ಸೆಂಟ್ ಇದ್ದ ಸಂಭವ 75 ಆಗುತ್ತೆ. ಈ ಸಾಲುಗಳನ್ನು ಎಷ್ಟೋ ಸಲ ಓದಿದ್ವಿ, ಬಳಸಿರಲಿಲ್ಲ.

ಇದು ನಾವು ಕಂಡುಹಿಡಿದಿದ್ದೇನೂ ಅಲ್ಲ. 1987ರಲ್ಲೇ ಡ್ರ್ಯಾಗನ್ ಪತ್ರಿಕೆಯ ಸಂಪಾದಕೀಯದಲ್ಲಿ ರೋಜರ್ ಮೂರ್ ಅವರು ಟಕರ್ ಎಂಬ ಡಿಎಂನ ಕೋಬೋಲ್ಡ್‌ಗಳ ಬಗ್ಗೆ ಬರೆದಿದ್ರು. ಇಕ್ಕಟ್ಟಾದ ದಾರಿ, ಬೆಂಕಿ, ಒಗ್ಗಟ್ಟು, ಇಷ್ಟರಲ್ಲೇ ಅವು ದೊಡ್ಡ ಲೆವೆಲ್‌ನ ವೀರರನ್ನು ಓಡಿಸಿದ್ವಂತೆ. ಸಣ್ಣ ಹಾವಾದ್ರೂ ದೊಡ್ಡ ದೊಣ್ಣೆಯಲ್ಲಿ ಹೊಡೀಬೇಕು ಅಂತ ನಮ್ಮ ಅಜ್ಜಿಯರು ಹೇಳೋದೂ ಇದನ್ನೇ.

ಒಂದು ಎಚ್ಚರಿಕೆ. ಗಾಬ್ಲಿನ್‌ಗೆ ಬುದ್ಧಿ ಕೊಡಿ ಅಂದ್ರೆ ಡಿಎಂಗೆ ಗೊತ್ತಿರೋದೆಲ್ಲ ಅದಕ್ಕೂ ಗೊತ್ತು ಅಂತಲ್ಲ. ಮಾಂತ್ರಿಕನ ಹತ್ರ ಯಾವ ಮಂತ್ರ ಉಳಿದಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಮುಂಚೆಯೇ ಸುಳಿವೂ ಇರಬೇಕು: ಕಡಿದ ಮರ, ಹೆಜ್ಜೆ ಗುರುತು, ಏನಾದ್ರೂ. ಆಗ ಸೋತರೂ ಅನ್ಯಾಯ ಅನಿಸಲ್ಲ. ಹತ್ತು ಗಾಬ್ಲಿನ್‌ಗೆ ದಾಳ ಹಾಕ್ತಾ ಕೂತ್ರೆ ಆಟ ಎಳೆಯುತ್ತೆ ಅನ್ನೋದೂ ನಿಜ. ನಾವು ನಾಲ್ಕು ದಾಳ ಒಟ್ಟಿಗೆ ಹಾಕ್ತೀವಿ.

ಇನ್ನೊಂದು, ಅವಕ್ಕೂ ಜೀವದ ಆಸೆ ಇರುತ್ತೆ. 1981ರ ಬೇಸಿಕ್ ಆವೃತ್ತಿಯಲ್ಲಿ ಇದಕ್ಕೆ ಮೊರೇಲ್ ಅಂತ ನಿಯಮವೇ ಇತ್ತು: ಎರಡು ದಾಳ ಹಾಕಿ, ಮೊತ್ತ ಅವುಗಳ ಧೈರ್ಯದ ಅಂಕ ಮೀರಿದ್ರೆ ಓಡ್ತಾವೆ. ನಾವು ಅದನ್ನು ಕಡ ತಂದಿದ್ದೀವಿ. ಓಡಿಹೋದ ಗಾಬ್ಲಿನ್ ಮುಂದಿನ ವಾರ ಅಣ್ಣಂದಿರನ್ನು ಕರ್ಕೊಂಡು ಬರಬಹುದು, ಸಿಕ್ಕಿಬಿದ್ದದ್ದು ಮಾತಾಡಬಹುದು. ಕೆಲವು ಸಲ ಅವಕ್ಕೆ ನಮ್ಮನ್ನು ಕೊಲ್ಲೋದೇ ಬೇಕಿರಲ್ಲ, ಕುದುರೆ ಕದ್ದರೆ ಸಾಕು.

ಮೂರು ವಾರ ಬಿಟ್ಟು ನಮ್ಮ ಗೆಳೆಯ ವಾಪಸ್ ಬಂದ. ಮೊದಲು ಕ್ಷಮೆ ಕೇಳಿದ್ವಿ. ಆ ರಾತ್ರಿ ಎದುರಿಗಿದ್ದದ್ದು ಎಂಟು ಗಾಬ್ಲಿನ್, ಏಳೇಳು ಹಿಟ್ ಪಾಯಿಂಟ್. ಯುದ್ಧ ಮುಗಿದ ಮೇಲೆ ಡಿಎಂ ತನ್ನ ಹಾಳೆ ತಿರುಗಿಸಿ ಎಲ್ಲರಿಗೂ ತೋರಿಸಿದ. ನಮ್ಮ ಫೈಟರ್ ಒಂದು ಸಲ ನೆಲಕ್ಕೆ ಬಿದ್ದಿದ್ದ, ಎರಡು ಕುದುರೆ ಹೋಗಿದ್ವು. ಗೆಳೆಯ ತನ್ನ ನೋಟ್‌ಬುಕ್ ಜೊತೆ ಹೋಲಿಸಿ ನೋಡಿದ. ಲೆಕ್ಕ ಸರಿಯಾಗಿತ್ತು. "ನಾಳೆ ಕುದುರೆ ವಾಪಸ್ ತರೋಣ್ವಾ?" ಅಂದ. ಭಾನುವಾರವೂ ಆಡಿದ್ವಿ.