ಮಣ್ಣಿಗೆ ಮದ್ದು, ದುಡಿವ ಕೈಗೆ ಕಾವಲು



ಎಳ್ಳಮಾವಾಸ್ಯೆಯಂದು ನಮ್ಮ ಉತ್ತರ ಕರ್ನಾಟಕದ ಮನೆಗಳವರು ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಕಡುಬು, ಪುಂಡಿಪಲ್ಯಗಳನ್ನು ಬಂಧುಬಳಗದೊಡನೆ ಉಂಡು ಬರುವುದು ತಲೆತಲಾಂತರದ ರೂಢಿ. ಬೆಳೆ ಹೊತ್ತ ಮಣ್ಣು ಬಸುರಿಯಿದ್ದಂತೆ, ಅವಳಿಗೆ ಬಯಕೆಯ ಊಟ ಬಡಿಸಬೇಕೆಂಬುದು ಈ ಆಚರಣೆಯ ಹಿಂದಿನ ಭಾವ. ಅದೇ ಮಣ್ಣಿಗೆ ಇಂದು ನಾವು ಬೇರೊಂದು ಬಗೆಯ ಉಣಿಸನ್ನೂ ಇಕ್ಕುತ್ತಿದ್ದೇವೆ. ಹಸಿರುಮನೆಗಳಲ್ಲಿ, ಸಸಿಮಡಿಗಳಲ್ಲಿ, ಇಲಿಯ ಬಿಲಗಳಲ್ಲಿ ನಂಜಿನ ಹೊಗೆಯನ್ನು ಊಡುತ್ತಿದ್ದೇವೆ. ಅದರ ಅವಶ್ಯಕತೆ ಎಷ್ಟು ಎಂಬುದು ಕೃಷಿ ಪಂಡಿತರ ಚರ್ಚೆಯ ವಿಷಯ. ಆದರೆ ಆ ಹೊಗೆಯ ಬಳಿ ನಿಂತು ಕೆಲಸ ಮಾಡುವ ಮನುಷ್ಯನ ಗತಿಯೇನು ಎಂಬುದು ಶರಣಧರ್ಮವನ್ನು ನಂಬಿದ ಪ್ರತಿಯೊಂದು ಮನೆಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಈ ತಿಂಗಳ ಚಿಂತನೆಗೆ ನಾವು ಇದನ್ನೇ ಎತ್ತಿಕೊಂಡಿದ್ದೇವೆ.

ಹೊಗೆಮದ್ದು ಎಂದರೇನು?

ಎಲೆಯ ಮೇಲೆ ಸಿಂಪಡಿಸುವ ಔಷಧಿಯನ್ನು ನಾವೆಲ್ಲ ಬಲ್ಲೆವು. ಮಣ್ಣಿನ ಹೊಗೆಮದ್ದು ಅದಕ್ಕಿಂತ ಬೇರೆ. ಇದನ್ನು ದ್ರವವಾಗಿಯೋ ಹರಳಾಗಿಯೋ ಗುಳಿಗೆಯಾಗಿಯೋ ಮಣ್ಣಿಗೆ ಸೇರಿಸಿದರೆ, ಅಲ್ಲಿ ಅದು ಆವಿಯಾಗಿ ಮಣ್ಣಿನ ಸಂದುಸಂದುಗಳಿಗೆ ನುಗ್ಗಿ, ಬೇರುಗಂಟು ಜಂತುಗಳನ್ನೂ ಸೊರಗುರೋಗದ ಶಿಲೀಂಧ್ರಗಳನ್ನೂ ಕಳೆಯ ಬೀಜಗಳನ್ನೂ ಕೊಲ್ಲುತ್ತದೆ. ಡಾಜೋಮೆಟ್ ಎಂಬ ಹರಳು ತೇವದ ಮಣ್ಣಿನಲ್ಲಿ ಕರಗಿ ಮೀಥೈಲ್ ಐಸೋಥಯೋಸಯನೇಟ್ ಎಂಬ ತೀಕ್ಷ್ಣವಾದ ಆವಿಯನ್ನು ಬಿಡುತ್ತದೆ. ಮೆಟಾಮ್ ಸೋಡಿಯಂ ಎಂಬ ದ್ರವದಿಂದ ಹೊರಡುವುದೂ ಇದೇ ಆವಿ. ದೊಣ್ಣೆಮೆಣಸಿನಕಾಯಿ, ಜರ್ಬೆರಾ, ಗುಲಾಬಿ ಬೆಳೆಯುವ ನಮ್ಮ ಪಾಲಿಹೌಸ್‌ಗಳಲ್ಲಿ ಹೆಚ್ಚಾಗಿ ಬಳಸಿದ್ದು ಫಾರ್ಮಲಿನ್. ಇದನ್ನು ನೀರಿನಲ್ಲಿ ಬೆರೆಸಿ ಮಡಿಗೆ ಸುರಿದು, ಮೇಲೆ ಪಾಲಿಥೀನ್ ಹಾಳೆ ಹೊದಿಸಿ ಕೆಲವು ದಿನ ಬಿಡುವುದು ವಾಡಿಕೆ.

ಮಣ್ಣಿನ ಸಂದುಗಳಿಗೆ ನುಗ್ಗುವ ಆ ಗುಣವೇ ಮನುಷ್ಯನಿಗೆ ಕುತ್ತಾಗಿ ಬರುತ್ತದೆ. ಜಂತುವಿನ ಉಸಿರಿಗೆ ಹೋಗುವ ಆವಿ ಮನುಷ್ಯನ ಉಸಿರಿಗೂ ಹೋಗುತ್ತದೆ. ಮೂಗಿಗೆ ಕಟ್ಟಿದ ವಲ್ಲಿಯಾಗಲಿ, ಬಾಯಿಗೆ ಸುತ್ತಿದ ಸೆರಗಾಗಲಿ, ಅಂಗಡಿಯಲ್ಲಿ ಸಿಗುವ ಬಟ್ಟೆಯ ಮುಖಗವಸಾಗಲಿ ಧೂಳನ್ನಷ್ಟೇ ತಡೆದೀತು, ಆವಿಯನ್ನು ತಡೆಯಲಾರದು. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ತೀರ್ಮಾನಿಸಿದೆ. ಕಣ್ಣುರಿ, ಕೆಮ್ಮು, ಎದೆಬಿಗಿತಗಳು ಆ ದಿನವೇ ತೋರುವ ಲಕ್ಷಣಗಳು. ಉಳಿದ ಕೇಡು ವರುಷಗಳ ಮೇಲೆ ತಿಳಿಯತಕ್ಕದ್ದು.

ಲೇಥ್ರಾಪ್ ಕಲಿಸಿದ ಪಾಠ

ವರುಷಗಳ ಮೇಲೆ ತಿಳಿಯುವ ಕೇಡು ಎಂತಹುದೆಂಬುದಕ್ಕೆ ಒಂದು ಉದಾಹರಣೆಯನ್ನು ಬಂಧುಗಳ ಮುಂದಿಡುತ್ತೇವೆ. ಡಿ.ಬಿ.ಸಿ.ಪಿ. ಎಂಬುದು ಬೇರುಗಂಟು ಜಂತುಗಳ ವಿರುದ್ಧ ಬಳಸುತ್ತಿದ್ದ ಮಣ್ಣಿನ ಹೊಗೆಮದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲೇಥ್ರಾಪ್ ಎಂಬಲ್ಲಿನ ಕಾರ್ಖಾನೆಯೊಂದರಲ್ಲಿ ಇದನ್ನು ತಯಾರಿಸುತ್ತಿದ್ದರು. ಅಲ್ಲಿ ದುಡಿಯುತ್ತಿದ್ದ ಗಂಡಸರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವಾಗ, ತಮ್ಮಲ್ಲಿ ಅನೇಕರಿಗೆ ಮಕ್ಕಳಾಗುತ್ತಿಲ್ಲವೆಂಬುದು ಅವರಿಗೇ ಹೊಳೆಯಿತು. 1977ರಲ್ಲಿ ವೈದ್ಯರು ಪರೀಕ್ಷಿಸಿದಾಗ ಅವರಲ್ಲಿ ಹಲವರು ಸಂತಾನಶಕ್ತಿಯನ್ನೇ ಕಳೆದುಕೊಂಡಿದ್ದುದು ಸಿದ್ಧವಾಯಿತು. ಆ ವರುಷವೇ ಕ್ಯಾಲಿಫೋರ್ನಿಯಾದಲ್ಲಿ ಅದರ ಬಳಕೆ ನಿಂತಿತು. 1979ರಲ್ಲಿ ಅಮೆರಿಕದ ಬಹುಭಾಗದಲ್ಲಿ ನಿಷೇಧವಾಯಿತು. ಅಷ್ಟಾದರೂ ಮಧ್ಯ ಅಮೆರಿಕದ ಬಾಳೆತೋಟಗಳಲ್ಲಿ ಅದನ್ನು ಬಳಸುವುದು ಕೂಡಲೇ ನಿಲ್ಲಲಿಲ್ಲ. ಅಲ್ಲಿಯ ಕೂಲಿಕಾರರು ನ್ಯಾಯಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳ ಬಾಗಿಲು ಬಡಿಯಬೇಕಾಯಿತು. ನಮ್ಮ ದೇಶದಲ್ಲಿ ಡಿ.ಬಿ.ಸಿ.ಪಿ. ನಿಷೇಧಗೊಂಡದ್ದು 1989ರಲ್ಲಿ. ಮಣ್ಣಿಗೂ, ಗಾಜಿನ ಆಂಪ್ಯೂಲ್‌ಗಳಲ್ಲಿ ಮನೆಯ ಕಣಜಗಳಿಗೂ ಬಳಕೆಯಾಗುತ್ತಿದ್ದ ಎಥಿಲೀನ್ ಡೈಬ್ರೋಮೈಡ್ 2001ರಲ್ಲಿ ನಿಷೇಧಕ್ಕೊಳಗಾಯಿತು.

ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕೇಡನ್ನು ಮೊದಲು ಗುರುತಿಸಿದವರು ದುಡಿಯುವವರು. ಆದುದರಿಂದ ನಮ್ಮ ಹೊಲದಲ್ಲಿ ದುಡಿಯುವ ತಾಯಿಯೊಬ್ಬಳು "ಯಪ್ಪಾ, ಕಣ್ಣು ಉರಿಯಾಕತ್ತಾವು, ತಲಿ ತಿರಗತೈತಿ" ಎಂದಾಗ, ಅದನ್ನು ಕೆಲಸಗಳ್ಳತನವೆಂದು ತಳ್ಳಿಹಾಕದೆ ಕೆಲಸ ನಿಲ್ಲಿಸಿ ವಿಚಾರಿಸುವುದು ಯಜಮಾನನ ಮೊದಲ ಧರ್ಮ. 2017ರಲ್ಲಿ ನೆರೆಯ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಸಿಂಪಡಿಸಿದ 20ಕ್ಕೂ ಹೆಚ್ಚು ರೈತರೂ ಕೂಲಿಕಾರರೂ ಪ್ರಾಣ ಕಳೆದುಕೊಂಡರು. ಅದು ಸಿಂಪರಣೆಯ ಪ್ರಸಂಗ. ಆದರೂ ರಕ್ಷಣೆಯಿಲ್ಲದ ಮೈಗೆ ನಂಜು ತಗುಲಿದರೆ ಏನಾಗುವುದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲವೆಂದು ಅದು ತೋರಿಸಿಕೊಟ್ಟಿತು.

ಕಾನೂನಿನ ಮಾತು

1968ರ ಕೀಟನಾಶಕ ಕಾಯಿದೆಯೂ 1971ರ ನಿಯಮಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಕೀಟನಾಶಕಗಳೊಡನೆ ಕೆಲಸ ಮಾಡುವವರ ವೈದ್ಯಕೀಯ ತಪಾಸಣೆ, ಪ್ರಥಮ ಚಿಕಿತ್ಸೆ, ರಕ್ಷಣಾ ಉಡುಪು, ಉಸಿರಾಟದ ಸಾಧನ, ತರಬೇತಿ ಇವೆಲ್ಲವನ್ನೂ ಆ ನಿಯಮಗಳು ಹೇಳುತ್ತವೆ. ಡಬ್ಬಿಯ ಮೇಲೆ ವಜ್ರಾಕಾರದ ಗುರುತೊಂದಿರುತ್ತದೆ. ಅದರ ಕೆಳಭಾಗ ಕೆಂಪಾಗಿದ್ದರೆ ಅತ್ಯಂತ ಘೋರ ವಿಷ, ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಬಳಿಕ ನೀಲಿ, ಕೊನೆಗೆ ಹಸಿರು. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದೆ. ಡಬ್ಬಿಯೊಡನೆ ಬರುವ ಚೀಟಿಯನ್ನು ಮನೆಯಲ್ಲಿ ಓದುಬರಹ ಬಲ್ಲ ಮಗನೋ ಮಗಳೋ ಕೆಲಸಕ್ಕೆ ಮೊದಲು ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿದರೆ, ಅದೂ ಒಂದು ಜ್ಞಾನದಾಸೋಹವೇ ಸರಿ.

ಅಮೆರಿಕದಲ್ಲಿ 2012ರ ಹೊತ್ತಿಗೆ ಮಣ್ಣಿನ ಹೊಗೆಮದ್ದು ಹಾಕುವವರು ಲಿಖಿತ ಯೋಜನೆ ಸಿದ್ಧಪಡಿಸಬೇಕು, ಹೊಲದ ಸುತ್ತ ಇಷ್ಟು ದೂರ ಯಾರೂ ಸುಳಿಯದಂತೆ ಅಂಚು ಬಿಡಬೇಕು ಎಂಬ ಕಟ್ಟಳೆಗಳು ಜಾರಿಗೆ ಬಂದವು. ಮಗ್ಗುಲ ಹೊಲದವರಿಗೂ ಉಸಿರಿದೆಯೆಂಬ ತಿಳಿವಳಿಕೆ ಆ ಕಟ್ಟಳೆಯ ಹಿಂದಿದೆ.

ಯಜಮಾನನ ಕರ್ತವ್ಯಗಳು

ಮಣ್ಣಿಗೆ ಇಂತಹ ಮದ್ದನ್ನು ಹಾಕಿಸಲೇಬೇಕಾದ ಸಂದರ್ಭ ಬಂದಲ್ಲಿ, ಈ ಕೆಳಗಿನವುಗಳನ್ನು ವ್ರತದಂತೆ ಪಾಲಿಸಬೇಕೆಂದು ನಾವು ಬಿನ್ನವಿಸುತ್ತೇವೆ.

1. ತಯಾರಕರ ಚೀಟಿಯಲ್ಲಿ ಹೇಳಿದ ಬಗೆಯ ಆವಿತಡೆ ಡಬ್ಬಿಯುಳ್ಳ ಮುಖವಾಡ, ಕಣ್ಣಿನ ಕನ್ನಡಕ, ರಬ್ಬರ್ ಕೈಗವಸು, ಗಂಬೂಟು, ತುಂಬುತೋಳಿನ ಅಂಗಿ ಇವುಗಳನ್ನು ಕೊಳ್ಳುವ ಖರ್ಚು ಯಜಮಾನನದು. ಅದನ್ನು ಕೂಲಿಯಲ್ಲಿ ಮುರಿದುಕೊಳ್ಳಕೂಡದು.

2. ಅಪಾಯ ಹೆಚ್ಚಾಗಿರುವುದು ಎರಡು ವೇಳೆಗಳಲ್ಲಿ. ಒಂದು, ಮದ್ದನ್ನು ಬೆರೆಸಿ ಸುರಿಯುವಾಗ. ಇನ್ನೊಂದು, ಹೊದಿಸಿದ ಹಾಳೆಯನ್ನು ತೆಗೆಯುವಾಗ. ಮೊದಲಿನದಕ್ಕೆ ಎಚ್ಚರ ವಹಿಸಿ ಎರಡನೆಯದಕ್ಕೆ ಬರಿಗೈಯಲ್ಲಿ ಹೆಣ್ಣಾಳುಗಳನ್ನು ಕಳಿಸುವುದು ಎಲ್ಲೆಡೆ ಕಾಣುವ ತಪ್ಪು. ಹಾಳೆಯ ಅಂಚನ್ನು ಮೊದಲು ಸ್ವಲ್ಪ ಎತ್ತಿ, ಗಾಳಿಯಾಡಲು ಬಿಟ್ಟು, ಬಳಿಕ ಪೂರ್ತಿ ತೆಗೆಯಬೇಕು.

3. ಪಾಲಿಹೌಸ್‌ನ ಪಕ್ಕದ ಪರದೆಗಳನ್ನೆಲ್ಲ ಮೇಲಕ್ಕೆ ಸುತ್ತಿ ಗಾಳಿಗೆ ದಾರಿ ಮಾಡಬೇಕು. ಒಬ್ಬರನ್ನೇ ಒಳಗೆ ಬಿಡದೆ, ಹೊರಗೊಬ್ಬರು ಕಾವಲಿರಬೇಕು. ಬಸುರಿಯರು, ಮೊಲೆಯುಣಿಸುವ ತಾಯಂದಿರು, ಮಕ್ಕಳು ಆ ಕಡೆ ಸುಳಿಯಕೂಡದು.

4. ಡಾಜೋಮೆಟ್ ಹಾಕಿದ ಮಣ್ಣು ಸಸಿಗೆ ಯೋಗ್ಯವಾಯಿತೇ ಎಂದು ಅರಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಬಾಣಂತಿಯರ ಉಂಡೆಗೆ ಹಾಕುತ್ತೇವಲ್ಲ, ಆ ಅಳ್ವಿ ಬೀಜವನ್ನು ಮದ್ದುಂಡ ಮಣ್ಣು ತುಂಬಿದ ಮುಚ್ಚಳದ ಶೀಶೆಯಲ್ಲಿಯೂ, ಮದ್ದಿಲ್ಲದ ಮಣ್ಣು ತುಂಬಿದ ಇನ್ನೊಂದು ಶೀಶೆಯಲ್ಲಿಯೂ ಬಿತ್ತಿ ನೋಡಬೇಕು. ಎರಡರಲ್ಲಿಯೂ ಸಮನಾಗಿ ಮೊಳೆತರೆ ಆವಿ ಹೋಗಿದೆ ಎಂದರ್ಥ. ಮೊದಲಿನದರಲ್ಲಿ ಮೊಳೆಯದಿದ್ದರೆ ಮಣ್ಣನ್ನು ಮತ್ತೆ ಮಗುಚಿ ಕಾಯತಕ್ಕದ್ದು.

5. ಕೈಕಾಲು ತೊಳೆಯಲು ಸಾಬೂನು, ಧಾರಾಳವಾಗಿ ನೀರು ಹೊಲದಲ್ಲಿಯೇ ಇರಬೇಕು. ಮದ್ದು ತಾಗಿದ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ಸೇರಿಸಿ ಒಗೆಯಬಾರದು. ಇಲ್ಲವಾದರೆ ಹೊಲದ ನಂಜು ಒಗೆಯುವ ತಾಯಿಯ ಕೈಗೂ ಮಗುವಿನ ಕುಲಾವಿಗೂ ಬಂದೀತು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡುವುದು ಸರ್ವಥಾ ಸಲ್ಲದು.

6. ಯಾರಿಗಾದರೂ ತೊಂದರೆಯಾದರೆ ಕೂಡಲೇ ಬಯಲಿನ ಗಾಳಿಗೆ ಕರೆತಂದು, ಮದ್ದು ತಾಗಿದ ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆಯಬೇಕು. ಕಣ್ಣಿಗೆ ತಾಗಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಹಾಯಿಸಬೇಕು. 108ಕ್ಕೆ ಕರೆಮಾಡಿ, ಡಬ್ಬಿಯನ್ನೂ ಚೀಟಿಯನ್ನೂ ವೈದ್ಯರ ಬಳಿಗೆ ತಪ್ಪದೆ ಒಯ್ಯಬೇಕು.

ಗುಳಿಗೆಯ ವಿಷಯ

ಇಲಿಬಿಲಗಳಿಗೂ ಜೋಳದ ಚೀಲಗಳಿಗೂ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ತೇವ ತಾಗಿದೊಡನೆ ಅದು ಫಾಸ್ಫೀನ್ ಅನಿಲವನ್ನು ಬಿಡುತ್ತದೆ. 3 ಗ್ರಾಂ ಗುಳಿಗೆಯೊಂದರಿಂದ ಹೊರಡುವ ಅನಿಲ 1 ಗ್ರಾಂ. ಈ ವಿಷಕ್ಕೆ ಪ್ರತಿವಿಷವಿಲ್ಲ. ಫಾರ್ಮಲಿನ್‌ಗೆ ರಬ್ಬರ್ ಕೈಗವಸು ಬೇಕಾದರೆ ಇದಕ್ಕೆ ಒಣಗಿದ ಹತ್ತಿಯ ಕೈಗವಸು ಬೇಕು, ಏಕೆಂದರೆ ಬೆವರಿನ ತೇವವೂ ಗುಳಿಗೆಯನ್ನು ಎಬ್ಬಿಸಬಲ್ಲದು. ಒಂದೊಂದು ಮದ್ದಿಗೂ ಒಂದೊಂದು ಕಾವಲು ಎಂಬುದಕ್ಕೆ ಇದೇ ಸಾಕ್ಷಿ. ಈ ಗುಳಿಗೆಯನ್ನು ತರಬೇತಿ ಪಡೆದವರೇ ಬಳಸತಕ್ಕದ್ದು. ಜನ ಮಲಗುವ ಕೋಣೆಗೆ ತಾಗಿದ ಉಗ್ರಾಣದಲ್ಲಿ ಇದನ್ನು ಇಡುವುದು ಮೃತ್ಯುವನ್ನು ಮನೆಯೊಳಗೆ ಕರೆದಂತೆ. ಕಾಳಿಗೆ ಬೇವಿನ ಎಲೆ ಬೆರೆಸಿಡುವ, ಬಿಸಿಲಿಗೆ ಹರವಿ ಒಣಗಿಸುವ ನಮ್ಮ ಅಜ್ಜಿಯರ ಕ್ರಮವು ಮನೆಯ ಅಳತೆಯ ಧಾನ್ಯಕ್ಕೆ ಇಂದಿಗೂ ಯೋಗ್ಯವಾದುದು.

ಬಿಸಿಲೇ ಮದ್ದು

ಹಾಗಾದರೆ ಬೇರುಗಂಟಿಗೆ ಬೇರೆ ದಾರಿಯಿಲ್ಲವೆ? ಉಂಟು. ಇಸ್ರೇಲ್ ದೇಶದ ಯಾಕೋವ್ ಕಟಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಕ್ರಮವೊಂದಿದೆ. ಮಣ್ಣನ್ನು ಹದವಾಗಿ ನೆನೆಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ, ಕಡುಬೇಸಿಗೆಯಲ್ಲಿ ನಾಲ್ಕರಿಂದ ಆರು ವಾರ ಬಿಟ್ಟರೆ, ಒಳಗೆ ಸಿಕ್ಕಿದ ಸೂರ್ಯನ ಕಾವೇ ರೋಗಾಣುಗಳನ್ನೂ ಕಳೆಯ ಬೀಜವನ್ನೂ ಬಹುಮಟ್ಟಿಗೆ ಕೊಲ್ಲುತ್ತದೆ. ನಮ್ಮ ಬಿಜಾಪುರ, ಕಲಬುರ್ಗಿ, ರಾಯಚೂರುಗಳ ಚೈತ್ರ ವೈಶಾಖದ ಬಿಸಿಲನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕೆ! ಇದರ ಜೊತೆಗೆ ಮಾಗಿ ಉಳುಮೆ, ಬೆಳೆಯ ಸರದಿ, ನಡುನಡುವೆ ಚೆಂಡುಹೂವಿನ ಬೆಳೆ, ಬೇವಿನ ಹಿಂಡಿ, ಟ್ರೈಕೋಡರ್ಮಾ ಬೆರೆಸಿದ ತಿಪ್ಪೆಗೊಬ್ಬರ ಇವೂ ನೆರವಿಗೆ ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಜಂತುಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿದರೆ ಮಾರ್ಗದರ್ಶನ ದೊರೆಯುತ್ತದೆ. ಇವು ನಿಧಾನದ ದಾರಿಗಳು, ದಿಟ. ಆದರೆ ಯಾರ ಉಸಿರನ್ನೂ ಬೆಲೆಯಾಗಿ ಕೇಳದ ದಾರಿಗಳು.

ಹೆಚ್ಚಿನ ಅಕ್ಕಿ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಪತಿಗೆ ಹೇಳಿದ ಪ್ರಸಂಗ ನಮ್ಮ ಮನೆಮನೆಯ ಮಾತು. ಮುಖವಾಡಕ್ಕೆ, ಕೈಗವಸಿಗೆ ತೆರಬೇಕಾದ ಹಣವನ್ನು ಉಳಿಸಿ ಗಳಿಸಿದ ಲಾಭ ನಮ್ಮ ಪಾಲಿಗೆ ಅಂತಹ ಹೆಚ್ಚಿನ ಅಕ್ಕಿ. ಅದು ಬೇರೊಬ್ಬರ ಎದೆಗೂಡಿನಿಂದ ಆಯ್ದು ತಂದದ್ದು. ಆ ಅಕ್ಕಿಯಿಂದ ಮಾಡಿದ ಪ್ರಸಾದ ಲಿಂಗಕ್ಕೆ ಸಲ್ಲುವುದೆಂದು ನಾವು ನಂಬಲಾರೆವು.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿ ಸಾರಿದರು. ಒಕ್ಕಲುತನ ಮಾಡಿದ ಒಕ್ಕಲಿಗ ಮುದ್ದಣ್ಣನವರೂ ಆ ಅನುಭವ ಮಂಟಪದ ಬಳಗದವರೇ. ನಮ್ಮ ಹೊಲದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಸ್ವಂತ ಭೂಮಿಯಿಲ್ಲದವರು, ಬೇಡವೆನ್ನಲು ಬಾಯಿಲ್ಲದವರು. ಒಂದು ದಿನದ ಕೂಲಿ ತಪ್ಪಿದರೆ ಅವರ ಒಲೆ ಉರಿಯದು. ಅಂಥವರು ಯಾವ ಕೆಲಸಕ್ಕೂ ಒಪ್ಪುತ್ತಾರೆ ಎಂಬುದೇ ನಮ್ಮ ಹೊಣೆಯನ್ನು ಇಮ್ಮಡಿಗೊಳಿಸುತ್ತದೆ.

ಊರೂರಿನ ಬಸವ ಸಮಿತಿಗಳು, ಅಕ್ಕನ ಬಳಗಗಳು, ಯುವಕ ಸಂಘಗಳು ಈ ಬಾರಿಯ ಬಸವ ಜಯಂತಿಗೆ ಮೆರವಣಿಗೆಯ ಖರ್ಚಿನಲ್ಲಿ ಒಂದಂಶ ಉಳಿಸಿ, ಊರಿಗೆ ಸೇರಿದಂತೆ ನಾಲ್ಕಾರು ಜೊತೆ ರಕ್ಷಣಾ ಉಡುಪುಗಳನ್ನೂ ಮುಖವಾಡಗಳನ್ನೂ ಕೊಂಡು ಮಠದಲ್ಲಿಯೋ ಸಹಕಾರ ಸಂಘದಲ್ಲಿಯೋ ಇಡಬಾರದೇಕೆ? ಬೇಕಾದವರು ಒಯ್ದು, ತೊಳೆದು, ಮರಳಿಸಲಿ. ಆವಿತಡೆಯ ಡಬ್ಬಿಗಳಿಗೆ ಅವಧಿಯುಂಟಾದುದರಿಂದ ಅವುಗಳನ್ನು ಕಾಲಕಾಲಕ್ಕೆ ಬದಲಿಸುವ ಹೊಣೆಯನ್ನು ತಿಳಿದ ತರುಣನೊಬ್ಬ ವಹಿಸಿಕೊಳ್ಳಲಿ. ಅನ್ನದಾಸೋಹ ನಡೆಸುವ ಊರಿಗೆ ಇದೊಂದು ಭಾರವಲ್ಲ.

ಮುಂದಿನ ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವಾಗ ನಮ್ಮ ಪಂಕ್ತಿಯಲ್ಲಿ ಹೊಲದ ಕೆಲಸಗಾರರೂ ಕುಳಿತಿರಲಿ, ಅವರ ಕಣ್ಣು ತಿಳಿಯಾಗಿರಲಿ, ಉಸಿರು ಹಗುರಾಗಿರಲಿ ಎಂದು ಹಾರೈಸುತ್ತೇವೆ.