ಬೆರಳಿಗೆ ಪಾಠ ಹೇಳುವವರು ಯಾರು?

ಭಾಂಡುಪ್‌ನಲ್ಲಿ ಚಿನ್ನದಂಗಡಿ ಇಟ್ಟಿರುವ ನಮ್ಮೂರ ಕಡೆಯ ಅಣ್ಣನೊಬ್ಬರು ಮೊನ್ನೆ ಫೋನ್ ಮಾಡಿದ್ದರು. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೊರಡುವಾಗ ಭಯವಂತೆ. ರಿವಾಲ್ವರ್ ಲೈಸೆನ್ಸಿಗೆ ಅರ್ಜಿ ಹಾಕುವ ಯೋಚನೆ. "ಟ್ರೈನಿಂಗ್ ಸರ್ಟಿಫಿಕೇಟ್ ಬೇಕಂತೆ ಮಾರಾಯ. ನೀನು ಐಟಿಯವನಲ್ವಾ, ಆನ್‌ಲೈನ್‌ನಲ್ಲೇ ಮುಗಿಸ್ಲಿಕ್ಕೆ ಆಗ್ತದಾ ನೋಡು" ಅಂದರು.

ನೋಡಿದೆ. ಮುಂಬಯಿಯಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ. ಅದರ ಪಾಠಗಳಲ್ಲಿ ಎರಡು ಬಗೆ. ಕಾನೂನು, ಆಯುಧದ ಭಾಗಗಳು, ಅದನ್ನು ಭದ್ರವಾಗಿ ಇಡುವ ಕ್ರಮ ಇವನ್ನು ಪರದೆಯ ಮೇಲೂ ಕಲಿಯಬಹುದು. ಆದರೆ ಹಿಡಿಯುವುದು, ಒಯ್ಯುವುದು, ಗುಂಡು ಹಾರಿಸುವುದು?

ಅಮೆರಿಕದ ಟೆನೆಸ್ಸಿ ರಾಜ್ಯ 2020ರಿಂದ ಎರಡು ಬಗೆಯ ಪರವಾನಗಿ ಕೊಡುತ್ತಿದೆ. ಒಂದಕ್ಕೆ 90 ನಿಮಿಷಗಳ ಆನ್‌ಲೈನ್ ಪಾಠವೂ ನಡೆಯುತ್ತದೆ. ಇನ್ನೊಂದಕ್ಕೆ 8 ಗಂಟೆಯ ತರಗತಿಯಲ್ಲಿ ಕೂತು, ಗುಂಡು ಹಾರಿಸಿಯೂ ತೋರಿಸಬೇಕು.

ಆನ್‌ಲೈನ್ ಪಾಠ ಎಂದರೇನೆಂದು ನನಗೆ ಗೊತ್ತು. ಆಫೀಸಿನ ಕಡ್ಡಾಯ ಕೋರ್ಸುಗಳನ್ನು ಚಹಾ ಕುಡಿಯುತ್ತಾ 'ನೆಕ್ಸ್ಟ್' ಒತ್ತಿ ಮುಗಿಸುವವನು ನಾನು. ಬೆಂಕಿ ಸುರಕ್ಷತೆಯಲ್ಲಿ ನೂರಕ್ಕೆ 95 ಬಂದಿತ್ತು. ಆಮೇಲೊಂದು ದಿನ ನಮ್ಮ ಕಟ್ಟಡದ ಮೀಟರ್ ಬಾಕ್ಸ್‌ನಲ್ಲಿ ಹೊಗೆ ಎದ್ದಾಗ, ಆ ಕೆಂಪು ಸಿಲಿಂಡರಿನ ಪಿನ್ ಎಳೆಯಲು ನನ್ನ ಕೈಗೆ ಬರಲಿಲ್ಲ. ಎಳೆದವನು ವಾಚ್‌ಮನ್.

2024ರ ಅಕ್ಟೋಬರ್ 1ರ ಬೆಳಗಿನ ಜಾವ ಜುಹುವಿನ ಮನೆಯಲ್ಲಿ ನಟ ಗೋವಿಂದ ಅವರ ಕಾಲಿಗೆ ಗುಂಡು ತಗುಲಿದ್ದು ನೆನಪಿರಬಹುದು. ಲೈಸೆನ್ಸ್ ಇದ್ದ ಅವರದೇ ರಿವಾಲ್ವರ್. ಕಳ್ಳನೂ ಇರಲಿಲ್ಲ, ಜಗಳವೂ ಇರಲಿಲ್ಲ.

ಇದನ್ನೆಲ್ಲ ಹೇಳಿ ಅಣ್ಣನನ್ನು ರೇಂಜಿಗೆ ಕಳಿಸಿದೆ. ಹೋಗುವ ಮೊದಲು ನಾಲ್ಕು ವಿಡಿಯೊ ನೋಡಿ ತಯಾರಾಗಿದ್ದರು. ಸಂಜೆ ಫೋನ್ ಬಂತು, ದನಿ ತಗ್ಗಿತ್ತು. "ಗುರಿ ಇಡುವವರೆಗೆ ಟ್ರಿಗರ್ ಮೇಲೆ ಬೆರಳು ಇಡಬಾರದು ಅಂತ ನನಗೆ ಬಾಯಿಪಾಠ. ಆದ್ರೂ ಮೂರು ಸಲ ಬೆರಳು ಅಲ್ಲಿಗೇ ಹೋಯ್ತು ಮಾರಾಯ. ಮೂರು ಸಲವೂ ಆ ಮನುಷ್ಯ ಕೈ ಹಿಡಿದು ಬೈದ್ರು."

ಪರದೆ ಹೀಗೆ ಕೈ ಹಿಡಿಯುವುದಿಲ್ಲ. ಉತ್ತರ ತಪ್ಪಾದರೆ 'ಮತ್ತೆ ಪ್ರಯತ್ನಿಸಿ' ಎನ್ನುತ್ತದೆ, ಅಷ್ಟೇ. ತಲೆಗೆ ಗೊತ್ತಾದದ್ದು ಬೆರಳಿಗೆ ಗೊತ್ತಾಗಬೇಕಾದರೆ ಪಕ್ಕದಲ್ಲಿ ಬೈಯುವವರೊಬ್ಬರು ಬೇಕು.

ಅಣ್ಣ ಇನ್ನೂ ಅರ್ಜಿ ಹಾಕಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ವಯಸ್ಸು. "ಮೊದಲು ಅಂಗಡಿಯಿಂದ ಬೇಗ ಹೊರಡ್ಲಿಕ್ಕೆ ಆಗ್ತದಾ ನೋಡ್ತೇನೆ" ಅಂದರು.

ಅದಕ್ಕೆ ಯಾವ ಕೋರ್ಸೂ ಬೇಡ ಅಣ್ಣಾ, ಅಂದೆ.