ಕೊಲ್ಲೂರಿನ ಬೋರ್ಡು, ಕೊಲ್ಲೂರಿನ ಓಟು

ಕೊಲ್ಲೂರಿನ ಪೇಟೆಯಲ್ಲಿ ನಿಂತು ಮಲಯಾಳಂ ಬೋರ್ಡುಗಳ ಫೋಟೊ ಹೊಡೆದು, 'ಇದು ಕರ್ನಾಟಕವೋ ಕೇರಳವೋ?' ಅಂತ ಸ್ಟೇಟಸ್ ಹಾಕುವವರು ವರ್ಷಕ್ಕೆ ಇಬ್ಬರಾದರೂ ನನ್ನ ಫೋನಲ್ಲಿ ಸಿಗುತ್ತಾರೆ. ಹೆಚ್ಚಿನವರು ಬೆಂಗಳೂರಿನವರು. ನಾನು ಆ ಕಡೆಯವಳು ಅಂತ ಗೊತ್ತಿರುವುದರಿಂದ ನನ್ನನ್ನೂ ಟ್ಯಾಗ್ ಮಾಡುತ್ತಾರೆ, ಊರು ಬಿಟ್ಟುಕೊಟ್ಟವಳು ನಾನೇ ಎಂಬ ಹಾಗೆ.

ಬೋರ್ಡಿನ ವಿಷಯ ಸಣ್ಣದು, ಮೊದಲು ಅದನ್ನೇ ಮುಗಿಸುತ್ತೇನೆ. ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಬೇಕು, ಅದೂ ಮೇಲೆ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಗಿದೆ. ಹಾಕಲಿ, ಹಾಕಿಸಲಿ. ಉಳಿದ ಜಾಗದಲ್ಲಿ ಅಂಗಡಿಯವನು ಗಿರಾಕಿಯ ಭಾಷೆ ಬರೆದರೆ ಅದರಲ್ಲಿ ಪ್ರೀತಿಯೂ ಇಲ್ಲ, ದ್ರೋಹವೂ ಇಲ್ಲ, ಬರೀ ವ್ಯಾಪಾರ. ಕೊಲ್ಲೂರಿಗೆ ಮಕ್ಕಳ ವಿದ್ಯಾರಂಭಕ್ಕೆ ಕೇರಳದಿಂದ ಬರುವ ಜನ ಇಂದು ನಿನ್ನೆಯವರಲ್ಲ. ಗಾಯಕ ಯೇಸುದಾಸ್ ಹುಟ್ಟುಹಬ್ಬದ ದಿನ, ಜನವರಿ 10ಕ್ಕೆ, ಎಷ್ಟೋ ವರ್ಷ ಇಲ್ಲಿಗೇ ಬಂದು ಹಾಡಿದರು. ತಮಿಳುನಾಡಿನ ಎಂಜಿಆರ್ ದೇವಿಗೆ ಚಿನ್ನದ ಖಡ್ಗ ಕೊಟ್ಟರು. ಕೊಡಚಾದ್ರಿಗೆ ಹೋಗುವ ಜೀಪಿನ ಹುಡುಗರು ನಾಲ್ಕು ಭಾಷೆಯಲ್ಲಿ ಬಾಡಿಗೆ ಹೇಳುತ್ತಾರೆ, ಬೈಯುವುದು ಮಾತ್ರ ಕುಂದಾಪ್ರ ಕನ್ನಡದಲ್ಲಿ!

ಇದೇ ಮಾತನ್ನು ಕಾಸರಗೋಡಿನಲ್ಲಿ ನಿಂತು ಹೇಳಲು ನನಗೆ ಧೈರ್ಯವಿಲ್ಲ. ಅಲ್ಲಿ 1956ರಿಂದ ಕನ್ನಡಿಗರು ಕೇಳುತ್ತಿರುವುದು ಅಂಗಡಿ ಬೋರ್ಡನ್ನಲ್ಲ. ಶಾಲೆಯಲ್ಲಿ ಕನ್ನಡ ಬಲ್ಲ ಮೇಷ್ಟ್ರನ್ನು, ಕಚೇರಿಯಲ್ಲಿ ಕನ್ನಡದ ಅರ್ಜಿಯನ್ನು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಸರ್ಕಾರದ ಕೌಂಟರಿನಲ್ಲಿ ನಮ್ಮ ಮಾತು ನಡೆಯದಿದ್ದರೆ ಅದು ನೋವು. ಹೋಟೆಲ್ ಮೆನುವಿನಲ್ಲಿ ಪುಟ್ಟು-ಕಡಲೆ ಅಂತ ಮಲಯಾಳದಲ್ಲಿ ಬರೆದರೆ ನನಗೇನೂ ನೋವಾಗುವುದಿಲ್ಲ.

ಹಾಗಾದರೆ ಕೊಲ್ಲೂರಿನ ಕೌಂಟರಿನಲ್ಲಿ ಯಾರ ಮಾತು ನಡೆಯುತ್ತದೆ?

ಕೇಳಿ. ಇಷ್ಟು ಹೆಸರಿನ ಊರು ಆಡಳಿತದಲ್ಲಿ ಒಂದು ಗ್ರಾಮ ಪಂಚಾಯ್ತಿ. ತಾಲೂಕು ಬೈಂದೂರು, ಜಿಲ್ಲೆ ಉಡುಪಿ, ಆದರೆ ಲೋಕಸಭೆಗೆ ಓಟು ಹಾಕುವುದು ಶಿವಮೊಗ್ಗ ಕ್ಷೇತ್ರಕ್ಕೆ. ದೇವಸ್ಥಾನ ಮುಜರಾಯಿ ಇಲಾಖೆಯದ್ದು, ಅದರ ವ್ಯವಸ್ಥಾಪನಾ ಸಮಿತಿಯನ್ನು ಊರವರು ಚುನಾಯಿಸುವುದಲ್ಲ. ಸುತ್ತಲಿನ ಕಾಡು ಮೂಕಾಂಬಿಕಾ ಅಭಯಾರಣ್ಯ, ಅಂದರೆ ಅರಣ್ಯ ಇಲಾಖೆ. ಉಳಿದ ನೀರು, ಕಸ, ಬೀದಿದೀಪ, ಚರಂಡಿ ಪಂಚಾಯ್ತಿಯ ತಲೆ ಮೇಲೆ. ಸದಸ್ಯರ ಸಂಖ್ಯೆ ಲೆಕ್ಕ ಹಾಕುವುದು ಊರಿನ ಜನಸಂಖ್ಯೆ ನೋಡಿ, ಸುಮಾರು 400 ಜನಕ್ಕೆ ಒಬ್ಬರಂತೆ. ಬಂದುಹೋಗುವ ಲಕ್ಷಾಂತರ ಯಾತ್ರಿಕರು ಆ ಲೆಕ್ಕದಲ್ಲಿ ಇಲ್ಲ. ಅವರು ಮಿಂದ ನೀರು, ತಿಂದು ಬಿಟ್ಟ ಎಲೆ ಮಾತ್ರ ಇವೆ. ಲಾಡ್ಜುಗಳ ಕೊಳಚೆ ಸೌಪರ್ಣಿಕೆಗೆ ಸೇರುತ್ತದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಆ ಕೊಳಚೆಗೆ ಯಾವ ಭಾಷೆ ಅಂತ ಯಾರೂ ಸ್ಟೇಟಸ್ ಹಾಕಲಿಲ್ಲ.

ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಆದರೂ ಯಾರು ಯಾವ ಪಕ್ಷ ಅಂತ ಹಾಲು ತರುವ ಮಾಣಿಗೂ ಗೊತ್ತು. ಭಾಷೆಯ ಲೆಕ್ಕವನ್ನೂ ಹಾಕುತ್ತಾರೆ, ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಜಡ್ಕಲ್, ಮುದೂರು ಕಡೆ ದಶಕಗಳ ಹಿಂದೆ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬಗಳಿವೆ. ಅವರ ಮೊಮ್ಮಕ್ಕಳು ಮನೆಯಲ್ಲಿ ಮಲಯಾಳಂ, ಬಸ್ಸಿನಲ್ಲಿ ನಮ್ಮ ಹಾಗೆಯೇ 'ಹ್ವಾಯ್'. ಪೇಟೆಯಲ್ಲಿ ಕೊಂಕಣಿಯವರಿದ್ದಾರೆ. ಇನ್ನು ಕೊರಗರ ಭಾಷೆ ಯುನೆಸ್ಕೊದ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದಕ್ಕೆ ಬೋರ್ಡೂ ಇಲ್ಲ, ಜಗಳ ಮಾಡುವವರೂ ಇಲ್ಲ.

ನಮ್ಮ ಕಡೆಯ ಒಂದು ಗ್ರಾಮಸಭೆಗೆ ಕಳೆದ ಸಲ ಅಮ್ಮನ ಜೊತೆ ಹೋಗಿದ್ದೆ. ರಬ್ಬರ್ ತೋಟದ ಮನೆಯ ಒಬ್ಬರು ಚೇಚಿ ಎದ್ದು ನಿಂತು, "ನೀರ್ ಬತ್ತಿಲ್ಲೆ ಮಾರಾಯ್ರೆ, ಬಂದ್ರೂ ಎರಡ್ ಕೊಡಪಾನ ತುಂಬುದಿಲ್ಲೆ" ಅಂದರು. ಘಟ್ಟದ ಮೇಲಿನಿಂದ ಬಂದ ಅಧಿಕಾರಿ ಎರಡು ಸಲ ಕೇಳಿಸಿಕೊಂಡು, 'ಕುಡಿಯುವ ನೀರಿನ ಸರಬರಾಜಿನಲ್ಲಿ ವ್ಯತ್ಯಯ' ಅಂತ ಬರೆದುಕೊಂಡರು. ಅಮ್ಮ ನನ್ನ ಕಿವಿಯಲ್ಲಿ, "ಕಂಡ್ಯಾ, ಅವ್ರ್ ಹೇಳದ್ ನಮಗ್ ತಿಳಿತ್, ಅವ್ರ್ ಬರದ್ದ್ ತಿಳಿತಿಲ್ಲೆ" ಅಂದಳು. ಕುರ್ಚಿಗಳು ಅರ್ಧ ಖಾಲಿ ಇದ್ದವು. ಲಾಡ್ಜ್ ಮಾಲೀಕರು ಒಬ್ಬರೂ ಕಾಣಲಿಲ್ಲ, ನನ್ನ ವಯಸ್ಸಿನವರೂ ಇಲ್ಲ. ನನ್ನ ಜೊತೆ ಓದಿದವರೆಲ್ಲ ಬೆಂಗಳೂರು, ದುಬೈ.

ನನಗೆ ಕಿರಿಕಿರಿಯಾಗುವುದು ಇಲ್ಲಿ. ನಾನು ಎರಡು ತಿಂಗಳಿಗೊಮ್ಮೆ ಊರಿಗೆ ಬಂದು ಕಡುಬು ತಿಂದು ಹೋಗುವವಳು, ನನ್ನ ಓಟು ಇನ್ನೂ ಊರಲ್ಲೇ ಇದೆ. ಲಾಡ್ಜಿನಲ್ಲಿ ಏಳು ವರ್ಷದಿಂದ ಅಡುಗೆ ಮಾಡುವ ಒಬ್ಬರನ್ನು ಬಲ್ಲೆ, ಪಾಲಕ್ಕಾಡಿನವರು. ಈ ಊರಿನ ನೀರು ಕುಡಿಯುವುದು, ಈ ಊರಿನ ಮಳೆಯಲ್ಲಿ ನೆನೆಯುವುದು ಅವರು. ಓಟು ಮಾತ್ರ ಪಾಲಕ್ಕಾಡಿನಲ್ಲಿ. ಇದ್ದ ಊರಲ್ಲಿ ಮತದಾರರಾಗಲು ತಾಯಿಭಾಷೆ ಯಾವುದು ಅಂತ ಕಾನೂನು ಕೇಳುವುದಿಲ್ಲ, ವಾಸ ಎಲ್ಲಿ ಅಂತ ಮಾತ್ರ ಕೇಳುತ್ತದೆ. ವಿಳಾಸ ಬದಲಿಸಲು ಫಾರಂ 8 ಸಾಕು, ಮೊಬೈಲಲ್ಲೇ ತುಂಬಬಹುದು.

ಇದನ್ನು ಅವರಿಗೆ ಹೇಳಿದಾಗ ಮೊದಲು ನಕ್ಕರು. "ನಮ್ಮ ಓಟು ಇಲ್ಲಿ ಯಾರಿಗೆ ಬೇಕು ಮೋಳೆ" ಅಂದರು. ನೀರಿನ ವಿಷಯ ಬಂದ ಮೇಲೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಪಟ್ಟಿಯಲ್ಲಿ ಹೆಸರು ಯಾವ ಭಾಷೆಯಲ್ಲಿ ಬರುತ್ತದೆ ಅಂತ ಕೇಳಿದರು. ಇಲ್ಲಿ ಕನ್ನಡದಲ್ಲೇ ಅಂದೆ.

"ಸಾಕು. ಬಸ್ ಬೋರ್ಡ್ ಓದಿ ಓದಿ ಕನ್ನಡ ಕಲ್ತಿದ್ದೇನೆ. ಹೆಸರು ಮಾತ್ರ ತಪ್ಪು ಬರೀಬಾರ್ದು" ಅಂದರು.